ಖಾಲಿ ಡಬ್ಬಿ ವಾಪಸ್ ಕೊಡಬೇಡಿ

ಪ್ರಶ್ನೆ: ನಾವು ಒಡಿಶಾದ ಕಟಕ್‌ನವರು. ಗಂಡನ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು 14 ತಿಂಗಳಾಯಿತು. ಹನುಮಂತನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ಕೆಳಗೆ ಓನರ್ ಇದ್ದಾರೆ. ನಾನು ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. 6 ವರ್ಷದ ಮಗಳಿದ್ದಾಳೆ. ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ನಗುತ್ತಾರೆ, ಊಟ ಆಯ್ತಾ ಅಂತಾರೆ. ಆದರೆ ಅಷ್ಟೇ. ನಾನು ಕನ್ನಡದಲ್ಲಿ ಶುರು ಮಾಡಿದರೆ ಹಿಂದಿಯಲ್ಲಿ ಉತ್ತರ ಬರುತ್ತೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಓನರ್ ಆಂಟಿ ಕರೆದು ಕುಂಕುಮ, ತಾಂಬೂಲ, ಒಂದು ಡಬ್ಬಿ ಒಬ್ಬಟ್ಟು ಕೊಟ್ಟರು. ಮಾರನೇ ದಿನ ಡಬ್ಬಿ ಚೆನ್ನಾಗಿ ತೊಳೆದು ವಾಪಸ್ ಕೊಟ್ಟೆ. ಅವರ ಮುಖ ಸಪ್ಪಗಾಯಿತು. ಸಂಬಳ ಎಷ್ಟು, ಒಂದೇ ಮಗು ಯಾಕೆ ಅಂತೆಲ್ಲ ಕೇಳುತ್ತಾರೆ, ನನಗೆ ಮುಜುಗರ. ಮೀನು ಮಾಡುವ ದಿನ ಕಿಟಕಿ ಮುಚ್ಚಿಕೊಂಡು ಕಳ್ಳರ ಹಾಗೆ ಮಾಡುತ್ತೇವೆ. ಒಬ್ಬ ಆಟೋದವರು ‘ಕನ್ನಡ ಬರಲ್ವಾ’ ಅಂತ ಕೂಗಾಡಿದ ಮೇಲೆ ಭಯವೂ ಇದೆ. ಎರಡು ವರ್ಷದಲ್ಲಿ ವಾಪಸ್ ಹೋಗ್ತೀವಿ, ಇದೆಲ್ಲ ಯಾಕೆ ಅಂತ ಗಂಡ ಅಂತಾರೆ. ಈಗ ನಮ್ಮಲ್ಲಿ ಮಾರ್ಗಶಿರ ಮಾಸದ ಮಾಣಬಸಾ ಗುರುವಾರಗಳು. ಒಬ್ಬಳೇ ಕೂತು ಲಕ್ಷ್ಮಿ ಪೂಜೆ ಮಾಡುವಾಗ ಅಳು ಬರುತ್ತೆ. ಈ ಊರಿಗೆ ಹೊಂದಿಕೊಳ್ಳೋದು ಹೇಗೆ? ನಾನು ಹೇಳಿದ್ದನ್ನು ಎದುರು ಮನೆಯ ಹುಡುಗಿ ಬರೆದುಕೊಟ್ಟಿದ್ದಾಳೆ. ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದ ಕೆಳಗೆ ಆ ಹುಡುಗಿ ತನ್ನದೂ ಒಂದೆರಡು ಸಾಲು ಸೇರಿಸಿದ್ದಾಳೆ. ನಿಮಗೆ ಗೊತ್ತಿದೆಯೋ ಇಲ್ಲವೋ. ‘ಆಂಟಿ ನನಗೆ ಅಕೌಂಟೆನ್ಸಿ ಹೇಳಿಕೊಡ್ತಾರೆ, ದುಡ್ಡು ತಗೊಳ್ಳಲ್ಲ. ನಮ್ಮಮ್ಮ ಏನು ಕೊಟ್ರೂ ಬೇಡ ಅಂತಾರೆ. ಯಾವತ್ತೂ ಏನೂ ಕೇಳಲ್ಲ.’ ನಾನು ಪತ್ರವನ್ನು ಮತ್ತೆ ಮೇಲಿಂದ ಓದಿದೆ. ನಿಮ್ಮ ತೊಂದರೆ ಏನು ಅಂತ ಆ ಹುಡುಗಿಗೆ ನಿಮಗಿಂತ ಮೊದಲೇ ಗೊತ್ತಾಗಿದೆ.

ಈ 14 ತಿಂಗಳಲ್ಲಿ ನೀವು ಯಾರಿಗೂ ಏನೂ ಬಾಕಿ ಉಳಿಸಿಕೊಂಡಿಲ್ಲ. ಬಾಡಿಗೆ ತಾರೀಖಿಗೆ ಸರಿಯಾಗಿ ಹೋಗುತ್ತಿರಬೇಕು. ಡಬ್ಬಿ ಮಾರನೇ ದಿನವೇ ಹೋಯಿತು. ಹಬ್ಬದ ದಿನ ಬಾ ಅಂದರು, ಬಂದಿರಿ, ಮುಗಿಯಿತು. ಲೆಕ್ಕ ಚುಕ್ತಾ. ಅಕೌಂಟ್ಸ್‌ನಲ್ಲಿ ಅದು ಒಳ್ಳೆಯ ಗುಣ. ಆದರೆ ನೀವಿರುವಂಥ ಬೀದಿಯಲ್ಲಿ ಲೆಕ್ಕ ಚುಕ್ತಾ ಮಾಡಿಬಿಟ್ಟರೆ, ಇನ್ನು ನಮಗೂ ನಿಮಗೂ ಏನಿಲ್ಲ ಎಂದ ಹಾಗೆ ಕೇಳಿಸುತ್ತದೆ.

ಡಬ್ಬಿ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಹಬ್ಬದ ತಿಂಡಿ ಬಂದ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ. ಅದಕ್ಕೆ ಅಂತ ನೀವು ಅದೇ ದಿನ ಒಲೆ ಹಚ್ಚಬೇಕಿಲ್ಲ. ಎರಡು ಬಾಳೆಹಣ್ಣು ಸಾಕು. ಒಂದು ಹಿಡಿ ಸಕ್ಕರೆ ಸಾಕು. ಏನೂ ಇಲ್ಲದಿದ್ದರೆ ಎರಡು ನಿಂಬೆಹಣ್ಣು. ಅದೂ ಇಲ್ಲವಾ, ಡಬ್ಬಿ ನಿಮ್ಮ ಮನೆಯಲ್ಲೇ ಇರಲಿ. ಒಂದು ವಾರ, ಹತ್ತು ದಿನ. ಏನಾದರೂ ಮಾಡಿದ ದಿನ ಅದರಲ್ಲಿ ಹಾಕಿ ಕಳಿಸಿ. ನಡುವೆ ಆಂಟಿ ‘ನಮ್ಮ ಡಬ್ಬಿ ನಿಮ್ಮನೇಲೇ ಇದೆ ಅಲ್ವಾ’ ಎಂದರೆ ಗಾಬರಿಯಾಗಬೇಡಿ. ಅದು ಮಾತಾಡಿಸಲು ಒಂದು ನೆಪ. ಬೇಕಾದರೆ ಮುಂದಿನ ಸಲ ಡಬ್ಬಿಯನ್ನು ತಿರುಗಿಸಿ ನೋಡಿ. ತಳದಲ್ಲಿ ಸಣ್ಣ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತದೆ, ಕೆಲವದರ ಮೇಲೆ ಮದುವೆಯ ತಾರೀಖೂ ಇರುತ್ತದೆ. ಪಾತ್ರೆ ಅಂಗಡಿಯಲ್ಲೇ ಕೊರೆಸಿ ತರುತ್ತಾರೆ. ಪಾತ್ರೆಗಳು ಮನೆ ಮನೆ ತಿರುಗುತ್ತವೆ, ಯಾರದ್ದು ಯಾರ ಅಡುಗೆಮನೆಯಲ್ಲಿದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೇ ಆ ಹೆಸರು. ಅಂಥ ಡಬ್ಬಿ ನಿಮ್ಮ ಮನೆಗೆ ಬಂದು ಒಂದೇ ರಾತ್ರಿ ಇದ್ದು, ಖಾಲಿಯಾಗಿ, ಥಳಥಳ ಹೊಳೆಯುತ್ತಾ ವಾಪಸ್ ಹೋಯಿತು. ಆಂಟಿ ಮುಖ ಸಪ್ಪಗಾಗದೆ ಇರುತ್ತದಾ?

ನಾನು 22 ವರ್ಷಗಳಿಂದ ಬೇರೆ ಭಾಷೆಯವರಿಗೆ ಕನ್ನಡ ಕಲಿಸುತ್ತಿದ್ದೇನೆ. ಅದಕ್ಕೂ ಮೊದಲು ನಾನೇ ಇಲ್ಲಿಗೆ ಹೊಸಬಳು. 1988ರಲ್ಲಿ ಧಾರವಾಡದಿಂದ ಮದುವೆಯಾಗಿ ಬಂದೆ. ನನ್ನದು ಕನ್ನಡವೇ, ಇನ್ನೇನು ಕಷ್ಟ ಅಂದುಕೊಂಡಿದ್ದೆ. ಮೊದಲ ವಾರ ತರಕಾರಿ ಗಾಡಿ ಬಂತು. ‘ಒಂದ್ ಕಿಲೋ ಉಳ್ಳಾಗಡ್ಡಿ ಕೊಡ್ರಿ’ ಎಂದೆ. ಗಾಡಿಯವನು ನನ್ನ ಮುಖ ನೋಡಿದ. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ಒಳಗಿನಿಂದ ನಮ್ಮತ್ತೆ ‘ಈರುಳ್ಳಿ ಕಣಪ್ಪಾ’ ಎಂದು ಕೂಗಿದರು. ಆಮೇಲೆ ನಾನು ಎಷ್ಟೋ ತಿಂಗಳು ತರಕಾರಿಯನ್ನು ಬೊಟ್ಟು ಮಾಡಿ ತೋರಿಸಿಯೇ ಕೊಂಡೆ. ಬಾಯಿ ಬಿಟ್ಟರೆ ರೊಕ್ಕ ಅನ್ನುತ್ತೇನೆ, ಕಸಬರಿಗೆ ಅನ್ನುತ್ತೇನೆ, ಮತ್ತೆ ನಗುತ್ತಾರೆ ಅಂತ. ನಿಮ್ಮ ಹಾಗೇ ನಾನೂ ಬಹಳ ಮರ್ಯಾದೆಯಿಂದ, ಯಾರ ತಂಟೆಗೂ ಹೋಗದೆ, ಯಾರಿಂದ ಏನೂ ಕೇಳದೆ ಇದ್ದೆ. ‘ಧಾರವಾಡದ ಹುಡುಗಿ ಸ್ವಲ್ಪ ಜಂಬ’ ಎಂದು ಬೀದಿಯಲ್ಲಿ ಹೆಸರು ಬಂದಿತ್ತಂತೆ. ನನಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ.

ಅದು ಮುರಿದದ್ದು ಒಂದು ಗ್ಯಾಸ್ ಸಿಲಿಂಡರ್‌ನಿಂದ. ಮನೆ ತುಂಬ ನೆಂಟರು, ಅನ್ನಕ್ಕಿಟ್ಟಿದ್ದೆ, ಗ್ಯಾಸ್ ಮುಗಿಯಿತು. ಆಗೆಲ್ಲ ಬುಕ್ ಮಾಡಿದರೆ ಎಷ್ಟು ದಿನಕ್ಕೆ ಬರುತ್ತದೋ ಹೇಳುವ ಹಾಗಿರಲಿಲ್ಲ. ಬೇರೆ ದಾರಿ ಇಲ್ಲದೆ ಪಕ್ಕದ ಮನೆ ಬಾಗಿಲು ತಟ್ಟಿದೆ. ಅವರು ತಮ್ಮ ಎರಡನೇ ಸಿಲಿಂಡರನ್ನು ಗಂಡನ ಕೈಯಲ್ಲಿ ಉರುಳಿಸಿಕೊಂಡು ತಂದುಕೊಟ್ಟರು. ಅವತ್ತಿನಿಂದ ಆ ಹೆಂಗಸು ನಮ್ಮ ಅಡುಗೆಮನೆಗೆ ನೇರವಾಗಿ ಬರತೊಡಗಿದರು. ಒಂದು ದಿನ ನಾನು ರೊಟ್ಟಿ ಬಡಿಯುವುದನ್ನು ನಿಂತು ನೋಡಿ, ‘ಈ ಸದ್ದು ಕೇಳಿಸ್ತಾ ಇರುತ್ತೆ, ಏನ್ ಮಾಡ್ತೀರೋ ಅಂತ ಒಂದು ವರ್ಷದಿಂದ ಯೋಚಿಸ್ತಿದ್ದೆ, ಕೇಳೋಕೆ ಸಂಕೋಚ’ ಎಂದರು. ನೋಡಿ, ಅವರಿಗೂ ಸಂಕೋಚವೇ ಇತ್ತು.

ಯಾರಿಗಾದರೂ ಸಹಾಯ ಮಾಡಿದರೆ ಅವರಿಗೆ ನಾವು ಇಷ್ಟವಾಗುತ್ತೇವೆ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಸಹಾಯ ಕೇಳಿದರೂ ಇಷ್ಟವಾಗುತ್ತೇವೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಒಂದು ಪ್ರಯೋಗದಲ್ಲಿ ಹಣ ಗೆದ್ದವರಲ್ಲಿ ಕೆಲವರನ್ನು ಪ್ರಯೋಗ ಮಾಡಿದವನೇ ಹಿಂದಿನಿಂದ ಬಂದು, ‘ನನ್ನ ಸ್ವಂತ ದುಡ್ಡು ಖರ್ಚಾಗಿಹೋಗಿದೆ, ದಯವಿಟ್ಟು ಅದನ್ನು ವಾಪಸ್ ಕೊಡ್ತೀರಾ’ ಎಂದು ಕೇಳಿದ. ದುಡ್ಡು ಇಟ್ಟುಕೊಂಡು ಹೋದವರಿಗಿಂತ, ಹಾಗೆ ಕೇಳಿಸಿಕೊಂಡು ವಾಪಸ್ ಕೊಟ್ಟವರಿಗೇ ಅವನು ಹೆಚ್ಚು ಇಷ್ಟವಾಗಿದ್ದ. ನಮ್ಮ ಅಜ್ಜಿಯಂದಿರು ಪ್ರಯೋಗ ಗೀಯೋಗ ಮಾಡದೆ ಒಂದು ಬಟ್ಟಲು ಹೆಪ್ಪಿಗೆ ಮೊಸರು ಕೇಳಿಕೊಂಡು ಬರುತ್ತಿದ್ದರು, ಅಷ್ಟೇ.

ಹಾಗಾದರೆ ಏನು ಕೇಳಬೇಕು? ಸಣ್ಣದು. ಹೆಪ್ಪಿಗೆ ಒಂದು ಚಮಚ ಮೊಸರು. ಕರಿಬೇವು. ಇಲ್ಲಿ ಒಳ್ಳೆ ಟೈಲರ್ ಯಾರು. ನೀರಿನ ಟ್ಯಾಂಕರ್ ಯಾರಿಗೆ ಫೋನ್ ಮಾಡ್ತೀರಿ. ಮಗಳನ್ನು ಅರ್ಧ ಗಂಟೆ ನೋಡಿಕೊಳ್ತೀರಾ. ನಿಮ್ಮ ಹುಳಿಪುಡಿ ಹೇಗೆ ಮಾಡೋದು ಹೇಳಿ. ಈ ಕೊನೆಯದು ಮಾತ್ರ ಬಿಡುವಿರುವ ದಿನ ಕೇಳಿ, ಒಂದು ಗಂಟೆ ಹೋಗುತ್ತದೆ. ದುಡ್ಡಿನ ವಿಷಯ ಬೇಡ. ಕೇಳಿದ ಮೇಲೆ ಒಂದು ನಾಲ್ಕು ದಿನ ಸುಮ್ನೆ ಇರಿ. ಸಂಜೆಯೇ ಓಡಿಹೋಗಿ ಇನ್ನೇನೋ ಕೊಟ್ಟು ತೀರಿಸಿಬಿಡಬೇಡಿ. ನಿಮಗೆ ಇದು ಕಷ್ಟವಾಗುತ್ತದೆ, ಗೊತ್ತು. ಎದುರು ಮನೆಯಿಂದಲೇ ಶುರು ಮಾಡಿ. ಪಾಠಕ್ಕೆ ದುಡ್ಡು ಬೇಡ ಅಂದಿದ್ದು ಸರಿ. ಆದರೆ ಆ ತಾಯಿ ಕೊಡುವ ಉಪ್ಪಿನಕಾಯಿಯನ್ನು ಬೇಡ ಅಂದರೆ ಅವರೇ ನಿಮಗೆ ಸಾಲಗಾರರಾಗಿ ಉಳಿಯುತ್ತಾರೆ. ಅದು ಅವರಿಗೆ ಹಿಂಸೆ. ತಗೊಳ್ಳಿ.

ಬೇಡ ಎನ್ನುವುದರ ಲೆಕ್ಕವೇ ಇಲ್ಲಿ ಬೇರೆ. ಕಾಫಿ ಕುಡೀತೀರಾ ಎಂದರೆ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ. ಅವರು ಮತ್ತೆ ಕೇಳುತ್ತಾರೆ. ಆಗ ‘ಸರಿ, ಅರ್ಧ ಲೋಟ’ ಎನ್ನಬೇಕು. ಮೂರನೇ ಸಲವೂ ಬೇಡ ಎಂದರೆ ನಿಮಗೆ ನಿಜವಾಗಿ ಬೇಡ ಎಂದು ಅರ್ಥ, ಮುಂದಿನ ಸಲ ಕೇಳುವುದಿಲ್ಲ. ‘ಊಟ ಆಯ್ತಾ’ ಎನ್ನುವುದು ನಮಸ್ಕಾರ ಇದ್ದ ಹಾಗೆ, ‘ಆಯ್ತು, ನಿಮ್ದು?’ ಎಂದರೆ ಸಾಕು. ‘ಒಂದ್ಸಲ ಮನೆಗೆ ಬನ್ನಿ’ ಕೂಡ ಹಾಗೇ. ‘ಭಾನುವಾರ ತಿಂಡಿಗೆ ಬನ್ನಿ’ ಎಂದು ದಿನ ಹೇಳಿದರೆ ಅದು ಕರೆದದ್ದು, ಹೋಗಲೇಬೇಕು. ಹೊರಡುವಾಗ ‘ಹೋಗ್ತೀನಿ’ ಅನ್ನಬೇಡಿ, ‘ಬರ್ತೀನಿ’ ಅನ್ನಿ. ಹಳಬರಿಗೆ ಹೋಗ್ತೀನಿ ಎಂದರೆ ಕಿವಿಗೆ ಚುಚ್ಚುತ್ತದೆ.

ಇನ್ನು ಭಾಷೆ. ನೀವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತದೆ ಎಂದಿರಿ. ನನ್ನ ಕ್ಲಾಸಿಗೆ ಬಂದ ಎಲ್ಲರೂ ಹೇಳುವ ದೂರು ಇದು. ನಿಮ್ಮನ್ನು ದೂರ ಇಡಲು ಹಾಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ಬೆಂಗಳೂರಿನವರಿಗೆ ಎದುರಿನವರ ಭಾಷೆಗೆ ಜಾರಿಬಿಡುವುದು ಹಳೆಯ ಚಾಳಿ. 1809ರಲ್ಲಿ ಇಲ್ಲಿ ಬ್ರಿಟಿಷರ ದಂಡು ಬಂತು, ಅದರ ಜೊತೆ ತಮಿಳು ಮಾತಾಡುವವರು ಬಹಳ ಜನ ಬಂದರು. ಆಮೇಲೆ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಒಂದೊಂದು ಕಾರ್ಖಾನೆಯೂ ನಾಲ್ಕು ದಿಕ್ಕಿನ ಜನರನ್ನು ತಂದಿತು. ಅಂಗಡಿಯವನು ತಮಿಳರ ಹತ್ತಿರ ತಮಿಳು, ತೆಲುಗರ ಹತ್ತಿರ ತೆಲುಗು ಮಾತಾಡಿ ಬದುಕಿದ. ಅದು ಅವನ ಜಾಣತನ, ಸ್ವಲ್ಪ ಜಂಬವೂ ಹೌದು. ನಿಮಗೆ ಹಿಂದಿಯಲ್ಲಿ ಉತ್ತರ ಕೊಟ್ಟಾಗ ಉಪಕಾರ ಮಾಡಿದೆ ಅಂತಲೇ ಅವನು ತಿಳಿದಿರುತ್ತಾನೆ.

ಆದ್ದರಿಂದ ಮೊದಲೇ ಹೇಳಿಬಿಡಿ: ‘ಕನ್ನಡದಲ್ಲೇ ಹೇಳಿ, ಕಲೀತಾ ಇದ್ದೀನಿ. ಸ್ವಲ್ಪ ನಿಧಾನ.’ ಈ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ನನ್ನ ಕ್ಲಾಸಿನಲ್ಲಿ ‘ಕನ್ನಡ ಗೊತ್ತಿಲ್ಲ’ ಎಂಬ ವಾಕ್ಯವನ್ನು ನಾನು ಕಲಿಸುವುದೇ ಇಲ್ಲ. ಹೊರಗಿನವರು ಮೊದಲು ಕಲಿಯುವುದು ಅದನ್ನೇ, ಎಷ್ಟೋ ಜನ ಅಲ್ಲಿಗೇ ನಿಲ್ಲುತ್ತಾರೆ. ‘ಸ್ವಲ್ಪ ಬರುತ್ತೆ’ ಎಂದರೂ ನಿಮಗೆ ಗೊತ್ತಿರುವುದು ಅಷ್ಟೇ ಕನ್ನಡ, ಆದರೆ ಕೇಳುವವರ ಮುಖವೇ ಬೇರೆಯಾಗುತ್ತದೆ.

ಮಾತಾಡಲು ಜನರನ್ನು ಆರಿಸಿಕೊಳ್ಳಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಆಟೋದವರ ಹತ್ತಿರ ಪಾಠ ಬೇಡ, ಅವರಿಗೆ ಪುರುಸೊತ್ತಿಲ್ಲ. ಪುರುಸೊತ್ತಿದ್ದು, ಹಿಂದಿ ಬಾರದವರು ಬೇಕು. ಹೂವಿನಮ್ಮ ಇದಕ್ಕೆ ಹೇಳಿ ಮಾಡಿಸಿದವರು. ಒಬ್ಬರನ್ನೇ ಗೊತ್ತು ಮಾಡಿಕೊಂಡು, ದಿನಾ ಅದೇ ಹೊತ್ತಿಗೆ ಹೋಗಿ. ‘ಎರಡು ಮೊಳ ಮಲ್ಲಿಗೆ ಕೊಡಿ ಅಮ್ಮ’ ಎನ್ನಿ. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯುತ್ತಾರೆ. ಮೊಳ ಚಿಕ್ಕದಾಯ್ತು ಅಂತ ನೀವು ಜಗಳ ಆಡಬೇಕು. ಅವರು ನಮ್ಮ ಕೈಯೇ ಅಷ್ಟು ಅನ್ನಬೇಕು. ಕೊನೆಗೆ ಎರಡು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಒಂದು ತಿಂಗಳು ಹೀಗೆ ನಡೆದರೆ, ಒಂದು ದಿನ ಹೋಗದಿದ್ದಾಗ ‘ನೆನ್ನೆ ಯಾಕೆ ಬರ್ಲಿಲ್ಲ’ ಎಂದು ಕೇಳುತ್ತಾರೆ. ಬೆಳಿಗ್ಗೆ ಕಸದ ಗಾಡಿ ಬಂದಾಗ ಬಕೆಟ್ ಹಿಡಿದು ಎಲ್ಲರೂ ಗೇಟಿಗೆ ಬರುತ್ತಾರಲ್ಲ, ಆ ಐದು ನಿಮಿಷವೂ ಒಳ್ಳೆಯದೇ. ಬೀದಿಯ ಅರ್ಧ ಸುದ್ದಿ ಅಲ್ಲೇ ಸಿಗುತ್ತದೆ. ನೀವು ಬಕೆಟ್ ಇಟ್ಟು ಓಡಿಬರಬೇಡಿ.

ಒಡಿಯಾ ಮಾತಾಡುವವರಿಗೆ ಕನ್ನಡ ನೀವು ಅಂದುಕೊಂಡಷ್ಟು ದೂರವಿಲ್ಲ. ಹಿಂದಿಯವರಿಗೆ ನಮ್ಮ ‘ಳ’ ಹೇಳಿಸಲು ನಾನು ತಿಂಗಳುಗಟ್ಟಲೆ ಒದ್ದಾಡುತ್ತೇನೆ. ಬಾಳೆಹಣ್ಣು ಅವರ ಬಾಯಲ್ಲಿ ಬಾಲೆಹಣ್ಣು. ನಿಮ್ಮ ಭಾಷೆಯಲ್ಲಿ ‘ಳ’ ಇದೆ, ‘ಣ’ ಇದೆ. ನಿಮ್ಮ ಪದಗಳೂ ನಮ್ಮ ಪದಗಳ ಹಾಗೇ ಸ್ವರದಲ್ಲಿ ಮುಗಿಯುತ್ತವೆ. ನಿಮ್ಮ ಅಕ್ಷರಗಳೂ ದುಂಡಗೆ, ನಮ್ಮವೂ ದುಂಡಗೆ. ಎರಡೂ ಕಡೆ ತಾಳೆಗರಿಯ ಮೇಲೆ ಬರೆಯುತ್ತಿದ್ದರು, ನೇರ ಗೆರೆ ಎಳೆದರೆ ಗರಿ ಸೀಳುತ್ತದೆ ಅಂತ ಹಾಗಾಯಿತು ಎನ್ನುತ್ತಾರೆ. ನಿಮಗೆ ತೊಡಕಾಗುವುದು ಹ್ರಸ್ವ ದೀರ್ಘ. ಒಡಿಯಾದಲ್ಲಿ ಬರೆಯುವಾಗ ಎರಡು ‘ಇ’ ಇದ್ದರೂ ಬಾಯಲ್ಲಿ ವ್ಯತ್ಯಾಸ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬರು ಆಟೋ ಇಳಿಯುವಾಗ ‘ಇಲ್ಲೇ ಬಿಡಿ’ ಅನ್ನಲು ಹೋಗಿ ‘ಇಲ್ಲೇ ಬೀಡಿ’ ಎಂದರಂತೆ. ಆಟೋದವರು ಜೇಬಿನಿಂದ ಒಂದು ತೆಗೆದುಕೊಟ್ಟರಂತೆ!

ನಿಮ್ಮಲ್ಲಿ ತು, ತುಮೆ, ಆಪಣ ಎಂದು ಮೂರು ಮೆಟ್ಟಿಲಿವೆ. ನಮ್ಮ ದಿನದ ಮಾತಿನಲ್ಲಿ ಎರಡೇ. ಸಂದೇಹ ಬಂದರೆ ‘ನೀವು’. ಮಗಳ ಗೆಳತಿಯರಿಗೆ ಮಾತ್ರ ‘ನೀನು’. ಹೂವಿನವರು ಅಮ್ಮ, ಮನೆಗೆಲಸಕ್ಕೆ ಬರುವವರು ಅಕ್ಕ, ಆಟೋದವರು ಅಣ್ಣ. ‘ಗುರು’ ಅಂತ ಎಲ್ಲರೂ ಅನ್ನುವುದು ಕೇಳಿಸುತ್ತದೆ, ಅದು ಹುಡುಗರ ನಡುವಿನ ಮಾತು. ನೀವು ಓನರ್ ಅಂಕಲ್‌ಗೆ ಅಂದೀರಿ ಮತ್ತೆ.

ಆ ಆಟೋದವರು ಕೂಗಾಡಿದ್ದು ತಪ್ಪು. ಅದಕ್ಕೆ ನಾನು ಸಬೂಬು ಹೇಳುವುದಿಲ್ಲ. ಬೆದರಿಸಿದರೆ ಯಾರೂ ಭಾಷೆ ಕಲಿಯುವುದಿಲ್ಲ, ಅಡಗಿಕೊಳ್ಳುತ್ತಾರೆ. ಆದರೆ ಆ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ನಿಮಗೆ ಗೊತ್ತಿದ್ದರೆ ಒಳ್ಳೆಯದು. 2011ರ ಜನಗಣತಿಯಲ್ಲೇ ಬೆಂಗಳೂರಿನಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ತನ್ನ ಊರಲ್ಲೇ ಬ್ಯಾಂಕಿಗೆ ಹೋದರೆ, ಮಾಲ್‌ಗೆ ಹೋದರೆ ತನ್ನ ಭಾಷೆ ನಡೆಯುವುದಿಲ್ಲ ಎಂದಾಗ ಆಗುವ ಸಂಕಟ ಒಂದಿದೆ. ಇಂಗ್ಲಿಷ್ ಬರುವವರು ಅದನ್ನು ನುಂಗಿಕೊಳ್ಳುತ್ತಾರೆ. ಬಾರದವರ ಬಾಯಲ್ಲಿ ಅದು ಸಿಟ್ಟಾಗಿ ಬರುತ್ತದೆ, ಮುಂದೆ ಸಿಕ್ಕವರ ಮೇಲೆ. ಕಟಕ್‌ನಲ್ಲಿ ಅಂಗಡಿಯವನು ನಿಮ್ಮಮ್ಮನಿಗೆ ಒಡಿಯಾ ಬಿಟ್ಟು ಬೇರೆ ಮಾತಾಡಿ ಅಂದರೆ ಹೇಗನ್ನಿಸುತ್ತದೆ, ಯೋಚಿಸಿ ನೋಡಿ. ಮುಂದಿನ ಆಟೋ ಹತ್ತುವಾಗ ಮೊದಲ ಮಾತು ಕನ್ನಡದಲ್ಲಿರಲಿ, ತಪ್ಪಾದರೂ ಪರವಾಗಿಲ್ಲ. ನೂರರಲ್ಲಿ ಒಬ್ಬರು ಕೂಗಾಡಿದರೆ ಕೂಗಾಡಲಿ, ಇಳಿದುಬಿಡಿ. ಆ ಹೆದರಿಕೆಯಿಂದ ಮನೆಯಲ್ಲೇ ಕೂರಬೇಡಿ. ಆಧಾರ್‌ನಲ್ಲಿ ಇಲ್ಲಿನ ವಿಳಾಸ ಹಾಕಿಸಿಕೊಂಡರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿಎಂಟಿಸಿ ಬಸ್‌ನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ. 2023ರ ಜೂನ್ 11ರಿಂದ ಇದೆ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಯಾವ ಕನ್ನಡ ಕ್ಲಾಸಿಗೂ ಕಡಿಮೆ ಇಲ್ಲ.

ಸಂಬಳ ಎಷ್ಟು, ಒಂದೇ ಮಗುನಾ ಎನ್ನುವ ಪ್ರಶ್ನೆಗಳು. ಅವರು ಉತ್ತರಕ್ಕಾಗಿ ಕೇಳುವುದಕ್ಕಿಂತ ನಿಮ್ಮನ್ನು ಯಾವ ಗೂಡಿನಲ್ಲಿ ಇಡಬೇಕು ಎಂದು ತಿಳಿಯಲು ಕೇಳುವುದು ಹೆಚ್ಚು. ‘ನಡೀತಾ ಇದೆ ಆಂಟಿ, ನಿಮ್ಮ ಆಶೀರ್ವಾದ’ ಎಂದು ನಕ್ಕುಬಿಡಿ. ಅದೂ ಉತ್ತರವೇ. ಆಮೇಲೆ ನೀವೂ ಅವರ ಸೊಸೆ, ಮೊಮ್ಮಕ್ಕಳ ಬಗ್ಗೆ ಕೇಳಿ. ನೀವು ಕೇಳದೆ ಇರುವುದೇ ಅವರಿಗೆ ವಿಚಿತ್ರ. ಒಂದು ಪ್ರಶ್ನೆಗೆ ಮಾತ್ರ ನೀವು ಉತ್ತರ ಕೊಡಲೇಬೇಕಿಲ್ಲ. ‘ನೀವು ಯಾವ ಜನ’ ಎಂದು ಕೇಳುತ್ತಾರೆ, ಕೆಲವರು ‘ನಿಮ್ಮಲ್ಲಿ ತಿಂತೀರಾ’ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಎರಡೂ ಜಾತಿಯ ಪ್ರಶ್ನೆಯೇ. ‘ನಾವು ಜಗನ್ನಾಥನ ಕಡೆಯವರು’ ಎಂದು ಹೇಳಿ ನಿಲ್ಲಿಸಿ. ಓನರ್ ಅಂಕಲ್‌ಗೆ ಇತಿಹಾಸದ ಹುಚ್ಚಿದ್ದರೆ ಇನ್ನೊಂದು ಹೇಳಬಹುದು. ಪುರಿಯ ದೇವಸ್ಥಾನ ಕಟ್ಟಿಸಲು ಹೊರಟ ರಾಜ ಚೋಡಗಂಗನ ವಂಶದವರು ತಮ್ಮ ಮೂಲ ನಮ್ಮ ಕೋಲಾರದ ಕಡೆ ಎಂದು ಶಾಸನದಲ್ಲಿ ಬರೆಸಿಕೊಂಡಿದ್ದಾರೆ. ಜಾತಿ ಮರೆತು ಅವರು ಅದರ ಹಿಂದೆ ಬೀಳುತ್ತಾರೆ.

ಮೀನು. ಎದುರು ಮನೆ ಹುಡುಗಿಯ ಕೈಯಲ್ಲಿ ಬರೆಸಿದ ಮೇಲೆ ಅದೇನೂ ಗುಟ್ಟಲ್ಲ ಬಿಡಿ. ಸಾಸಿವೆ ಹಾಕಿದ ಮೀನಿನ ವಾಸನೆ ಕಿಟಕಿಗೆಲ್ಲ ಹೆದರುವುದಿಲ್ಲ, ಕೆಳಗಿನವರಿಗೆ ಮೊದಲ ದಿನವೇ ಗೊತ್ತಾಗಿರುತ್ತದೆ. ಬಾಡಿಗೆಗೆ ಬರುವಾಗ ಏನು ಮಾತಾಗಿತ್ತು ಎಂದು ನೀವು ಬರೆದಿಲ್ಲ. ಸಸ್ಯಾಹಾ‌ರಿಗಳಿಗೆ ಮಾತ್ರ ಎಂದು ಹೇಳಿ, ನೀವು ಒಪ್ಪಿ ಬಂದಿದ್ದರೆ, ಕೊಟ್ಟ ಮಾತು ಮಾತೇ. ಹೊರಗೆ ತಿನ್ನಿ, ಇಲ್ಲವೇ ಅಗ್ರಿಮೆಂಟ್ ಮುಗಿದಾಗ ಬೇರೆ ಮನೆ ನೋಡಿ. ಅಂಥ ಮಾತೇ ಆಗಿರದಿದ್ದರೆ ನೇರವಾಗಿ ಹೇಳಿ: ‘ಆಂಟಿ, ನಾವು ಭಾನುವಾರ ಮೀನು ಮಾಡ್ತೀವಿ. ನಿಮಗೆ ತೊಂದರೆ ಆಗದ ಹೊತ್ತು ಹೇಳಿ.’ ಹಬ್ಬದ ದಿನ, ಅವರ ಮನೆಯಲ್ಲಿ ಪೂಜೆ ಇರುವ ದಿನ ಬಿಟ್ಟುಬಿಡಿ. ಅಡುಗೆ ನೋಡಿ ಮನೆ ಕೊಡುವುದು ನನಗೆ ಸರಿ ಕಾಣುವುದಿಲ್ಲ, ಅದು ಬೇರೆ ಮಾತು. ಒಂದು ಮಾತ್ರ ತಿಳಿದಿರಲಿ, ನಿಮ್ಮ ಕೆಳಗಿನ ಮನೆಯೇ ಇಡೀ ಬೆಂಗಳೂರಲ್ಲ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಂತಿರುವ ಸಾಲು ನೋಡಿ, ಎಲ್ಲ ಅಪ್ಪಟ ಕನ್ನಡದವರೇ.

ಎರಡು ವರ್ಷದಲ್ಲಿ ಹೋಗುತ್ತೇವೆ ಎನ್ನುವ ನಿಮ್ಮ ಯಜಮಾನರಿಗೆ ಒಂದು ಮಾತು. ಎರಡು ವರ್ಷಕ್ಕೆ ಅಂತ ಬಂದು ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು ನನ್ನ ಕ್ಲಾಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೋಗುವುದೇ ನಿಜವಾದರೂ ಎರಡು ವರ್ಷ ಎಂದರೆ ನಿಮ್ಮ ಮಗಳ ಆಯಸ್ಸಿನ ಮೂರರಲ್ಲೊಂದು ಪಾಲು.

ಈ 14 ತಿಂಗಳು ಎನ್ನುವುದೂ ಸುಮ್ನೆ ಅಲ್ಲ. 1955ರಲ್ಲಿ ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದ 200 ಮಂದಿಯನ್ನು ಕುರಿತು ಬರೆದರು. ಅಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಚೆನ್ನಾಗಿದ್ದರು, ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು. ಹೆಚ್ಚು ಒದ್ದಾಡಿದವರು ನಡುವಿನವರು. ಆಮೇಲೆ ಬಂದ ಅಧ್ಯಯನಗಳಲ್ಲಿ ಎಲ್ಲರ ವಿಷಯದಲ್ಲೂ ಹಾಗೇ ಆಗುತ್ತದೆ ಎಂದು ಕಂಡುಬಂದಿಲ್ಲ, ಕೆಲವರಿಗೆ ಮೊದಲ ವಾರವೇ ಕಷ್ಟ. ಆದರೆ ನನ್ನ ಕ್ಲಾಸಿನಲ್ಲೂ ಒಂದು ವರ್ಷ ತುಂಬಿದ ಸುಮಾರಿಗೆ ಜನ ಹೆಚ್ಚು ಕುಗ್ಗುವುದನ್ನು ನೋಡಿದ್ದೇನೆ. ಹೊಸತು ಎನ್ನುವ ಖುಷಿ ಮುಗಿದಿರುತ್ತದೆ, ನಮ್ಮದು ಎನ್ನುವುದು ಇನ್ನೂ ಶುರುವಾಗಿರುವುದಿಲ್ಲ. ನೀವೀಗ ಅಲ್ಲಿದ್ದೀರಿ. ಆದರೂ ಅಳು ದಿನವೂ ಬರುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇದನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಗುರುವಾರದ ಪೂಜೆಗೆ ಬರುತ್ತೇನೆ. ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಅದೇ. ಹೊಂದಿಕೊಳ್ಳುವುದು ಎಂದರೆ ಇಲ್ಲಿನವರ ಹಬ್ಬಕ್ಕೆ ಹೋಗುವುದು ಎಂದು ನೀವು ತಿಳಿದಿದ್ದೀರಿ. ನಿಮ್ಮ ಹಬ್ಬಕ್ಕೆ ಅವರನ್ನು ಕರೆಯಬಾರದಾ? ಆಗಸ್ಟ್‌ನಲ್ಲಿ ಆಂಟಿ ಕಳಶ ಇಟ್ಟು ಲಕ್ಷ್ಮಿ ಅಂತ ಪೂಜೆ ಮಾಡಿದರು. ಡಿಸೆಂಬರ್‌ನಲ್ಲಿ ನೀವು ಮಾಣದಲ್ಲಿ, ಅಂದರೆ ಅಳತೆಯ ಪಾತ್ರೆಯಲ್ಲಿ, ಭತ್ತ ತುಂಬಿ ಲಕ್ಷ್ಮಿ ಅಂತ ಪೂಜೆ ಮಾಡುತ್ತಿದ್ದೀರಿ. ಇಬ್ಬರ ನಡುವೆ ಒಂದು ಮೆಟ್ಟಿಲಸಾಲು ಅಷ್ಟೇ.

ನೀವು ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿ, ಬೆರಳು ಅದ್ದಿ, ಬಾಗಿಲಿಂದ ಒಳಗೆ ಲಕ್ಷ್ಮಿಯ ಪುಟ್ಟ ಪಾದಗಳನ್ನು ಬಿಡಿಸುತ್ತೀರಿ. ಆಂಟಿ ಒಣ ರಂಗೋಲಿ ಪುಡಿಯನ್ನು ಎರಡು ಬೆರಳಲ್ಲಿ ಚಿಟಿಕೆ ಹಿಡಿದು ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ. ಮುಂದಿನ ಗುರುವಾರದ ಹಿಂದಿನ ಸಂಜೆ ಕೆಳಗೆ ಹೋಗಿ ಕೇಳಿ: ‘ಆಂಟಿ, ನಾಳೆ ನಮ್ಮ ಪೂಜೆ. ಗೇಟ್ ಹತ್ತಿರ ಒಂದು ಮೂಲೆಯಲ್ಲಿ ನಮ್ಮ ಕಡೆ ರಂಗೋಲಿ ಹಾಕ್ಲಾ?’ ಅವರು ಬೇಡ ಅನ್ನುವುದಿಲ್ಲ ಎಂದು ನನಗೆ ಧೈರ್ಯವಿದೆ. ನೀವು ಬಿಡಿಸುವಾಗ ಪಕ್ಕದಲ್ಲಿ ನಿಂತು, ಹಿಟ್ಟು ಎಷ್ಟು ತೆಳ್ಳಗಿರಬೇಕು ಎಂದು ಕೇಳಿಯೇ ಕೇಳುತ್ತಾರೆ.

ಮಾಣಬಸಾ ನೈವೇದ್ಯವನ್ನು ಮನೆಯಾಚೆ ಕೊಡದಿರುವ ರೂಢಿ ನಿಮ್ಮ ಕಡೆ ಬಹಳ ಮನೆಗಳಲ್ಲಿದೆ. ನಿಮ್ಮ ಮನೆಯಲ್ಲೂ ಇದ್ದರೆ ಹಾಗೇ ಇರಲಿ. ಬೇರೆ ದಿನ, ಬೇರೆಯಾಗಿ ಅರಿಸಾ ಪಿಠಾ ಮಾಡಿ. ನೆನೆಸಿದ ಅಕ್ಕಿಯ ಹಿಟ್ಟು, ಬೆಲ್ಲದ ಪಾಕ, ಮೇಲೆ ಎಳ್ಳು, ಎಣ್ಣೆಯಲ್ಲಿ ಕರಿದದ್ದು. ಆಂಟಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ‘ಇದು ನಮ್ಮ ಕಜ್ಜಾಯ ಅಲ್ವಾ!’ ಎನ್ನದಿದ್ದರೆ ನನ್ನನ್ನು ಕೇಳಿ. ಆಮೇಲೆ ಪಾಕ ಒಂದೆಳೆಯೋ ಎರಡೆಳೆಯೋ ಎಂಬ ಚರ್ಚೆ ಶುರುವಾಗುತ್ತದೆ. ನಿಮ್ಮದೇ ಸರಿ ಎಂದು ಹಟ ಹಿಡಿಯಿರಿ, ಸುಲಭಕ್ಕೆ ಒಪ್ಪಬೇಡಿ.

ನಿಮ್ಮ ಜನರ ನಡುವೆಯೂ ಇರಿ. ಅಗರದ ಹತ್ತಿರ ಜಗನ್ನಾಥ ದೇವಸ್ಥಾನವಿದೆ, ಒಡಿಯಾದವರು ಸೇರುತ್ತಾರೆ, ರಥಯಾತ್ರೆ ಆಗುತ್ತದೆ. ಅಲ್ಲಿಗೆ ಹೋದರೆ ಇಲ್ಲಿಗೆ ಹೊಂದಿಕೊಳ್ಳುವುದು ನಿಧಾನವಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ನನಗೆ ಹಾಗೆ ಕಂಡಿಲ್ಲ. ತಿಂಗಳಿಗೊಮ್ಮೆ ತನ್ನ ಭಾಷೆಯಲ್ಲಿ ಹೊಟ್ಟೆ ತುಂಬ ಹರಟಿ ಬಂದವರು ಮಾರನೇ ದಿನ ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಮನೆಯಲ್ಲಿ ಮಗಳ ಹತ್ತಿರ ಒಡಿಯಾನೇ ಮಾತಾಡಿ. ಕನ್ನಡ ಅವಳಿಗೆ ಶಾಲೆಯಲ್ಲಿ ಸಿಗುತ್ತದೆ, 2015ರ ಕಾಯ್ದೆಯ ಪ್ರಕಾರ ಇಲ್ಲಿನ ಶಾಲೆಗಳಲ್ಲಿ ಕನ್ನಡ ಕಲಿಸಬೇಕು. ಅವಳು ನಿಮ್ಮ ಕನ್ನಡ ತಿದ್ದಿದರೆ ತಿದ್ದಲಿ. ಆರು ವರ್ಷದವರಿಗೆ ಅಮ್ಮನಿಗೆ ಟೀಚರ್ ಆಗುವುದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಮುಂದಿನ ತಿಂಗಳು ಸಂಕ್ರಾಂತಿ. ಆ ದಿನ ನಮ್ಮಲ್ಲಿ ಹೆಣ್ಣುಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಮನೆ ಮನೆಗೆ ಎಳ್ಳು ಬೀರುತ್ತಾರೆ. ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಜೊತೆಗೆ ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು. ಗಾಂಧಿಬಜಾರ್‌ನಲ್ಲಿ ಎಲ್ಲ ಕಲಸಿದ್ದೇ ಸಿಗುತ್ತದೆ. ಆದರೆ ನೀವು ತರಬೇಡಿ. ಬೆಲ್ಲ ಕೊಬ್ಬರಿ ಹೆಚ್ಚುವುದು ಹೇಗೆ ಎಂದು ಎದುರು ಮನೆಯವರನ್ನು ಕೇಳಿ, ಅವರ ಮನೆಯಲ್ಲೇ ಕೂತು ಹೆಚ್ಚಿ. ಬೆರಳು ನೋಯುತ್ತದೆ, ಮಾತು ಸಾಗುತ್ತದೆ. ಯಾವ ಯಾವ ಮನೆಗೆ ಹೋಗಬೇಕು, ಮೊದಲು ಯಾವುದು ಎಂದು ಓನರ್ ಆಂಟಿಯನ್ನೇ ಕೇಳಿ. ಮಗಳ ಕೈಗೆ ತಟ್ಟೆ ಕೊಡಿ. ಅವಳ ಜೊತೆ ನೀವು ಹೋಗುವುದಕ್ಕಿಂತ ಪತ್ರ ಬರೆದುಕೊಟ್ಟ ಹುಡುಗಿ ಹೋಗುವುದು ಮೇಲು.

ಆ ಹುಡುಗಿಗೂ ಒಂದು ಮಾತು. ಪುಟ್ಟಿ, ಇದನ್ನು ಆಂಟಿಗೆ ನೀನೇ ಓದಿ ಹೇಳು, ನಿಧಾನವಾಗಿ ಓದು, ಹಿಂದಿಗೆ ತಿರುಗಿಸಬೇಡ. ಅರ್ಥವಾಗದ ಕಡೆ ಅವರೇ ಕೇಳಲಿ. ಮತ್ತೆ, ನೀನು ‘ಹಬ್ಬ’ವನ್ನು ಎರಡು ಕಡೆ ‘ಅಬ್ಬ’ ಎಂದು ಬರೆದಿದ್ದೀಯ, ‘ಅಳು’ವನ್ನು ‘ಹಳು’ ಮಾಡಿದ್ದೀಯ. ಇಲ್ಲಿ ತಿದ್ದಿ ಹಾಕಿದ್ದೇನೆ. ಪರೀಕ್ಷೆಯಲ್ಲಿ ಹಾಗೆ ಬರೀಬೇಡಮ್ಮ.